ಎಷ್ಟು ಟನ್ ಎಸಿ ಬೇಕು?

ಅಂಗಡಿಗೆ ಹೋಗುವ ಮೊದಲು ಟೇಪ್ ಹಿಡಿದು ರೂಮಿನ ಉದ್ದ, ಅಗಲ ಅಳೆಯಿರಿ. ಟನ್ ಅಂದರೆ ಎಸಿಯ ತೂಕ ಅಲ್ಲ. ಒಂದು ಟನ್ ಐಸ್ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟನ್ನು ರೂಮಿನಿಂದ ಹೊರಹಾಕುವ ಶಕ್ತಿ, ಅಂದರೆ ಗಂಟೆಗೆ 12,000 ಬಿಟಿಯು (ಶಾಖ ಅಳೆಯುವ ಒಂದು ಮಾನ).

ಸುಮಾರು 120 ಚದರಡಿವರೆಗೆ 1 ಟನ್, 180ರವರೆಗೆ 1.5, ಅದಕ್ಕಿಂತ ದೊಡ್ಡದಾದರೆ 2. ಇದು ಬರೀ ಅಂದಾಜು. ಬೆಂಗಳೂರಿನಲ್ಲಿ ನೆರಳಿರುವ ಗ್ರೌಂಡ್ ಫ್ಲೋರ್ ರೂಮಿಗೆ 1 ಟನ್ ಸಾಕಾದರೆ, ಅಷ್ಟೇ ದೊಡ್ಡ ರೂಮು ಕಲಬುರಗಿಯಲ್ಲಿ ತಾರಸಿ ಕೆಳಗಿದ್ದು, ಪಶ್ಚಿಮದ ಗೋಡೆಗೆ ಸಂಜೆವರೆಗೂ ಬಿಸಿಲು ಹೊಡೆಯುತ್ತಿದ್ದರೆ 1.5 ಟನ್ನೇ ಬೇಕು. ಕಿಟಕಿ ದೊಡ್ಡದಿದ್ದರೆ, ಜನ ಜಾಸ್ತಿ ಇದ್ದರೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಹಾಗಂತ ಸುಮ್ನೆ ದೊಡ್ಡದು ತರಬೇಡಿ. ಮಂಗಳೂರಿನಂಥ ಕಡೆ ಸೆಕೆಯ ಅರ್ಧ ಕಾಟ ಗಾಳಿಯ ತೇವದ್ದು, ಅಲ್ವಾ? ರೂಮಿಗೆ ಮೀರಿದ ಎಸಿ ಬೇಗ ತಂಪು ಮಾಡಿ ಕಂಪ್ರೆಸರ್ ನಿಲ್ಲಿಸುತ್ತದೆ, ತೇವ ಇಳಿಯುವಷ್ಟು ಹೊತ್ತು ಓಡುವುದೇ ಇಲ್ಲ, ಹಾಗಾಗಿ ಚಳಿಯಾದರೂ ಮೈ ಅಂಟಂಟು. ಚಿಕ್ಕದಾದರೆ ಇಡೀ ದಿನ ಓಡಿ ಕರೆಂಟ್ ಬಿಲ್ ಏರಿಸುತ್ತದೆ. ಎರಡರ ನಡುವೆ ಗೊಂದಲವಾದರೆ ಇನ್ವರ್ಟರ್ ಎಸಿಯಲ್ಲಿ ದೊಡ್ಡ ಸೈಜ್ ತಗೊಳ್ಳಿ, ಅದರ ಕಂಪ್ರೆಸರ್ ಪೂರ್ತಿ ನಿಲ್ಲುವ ಬದಲು ವೇಗ ತಗ್ಗಿಸಿಕೊಂಡು ಓಡುತ್ತದೆ.