ಕ್ಯಾಡ್ ಫೈಲ್ ಕನ್ವರ್ಟ್ ಮಾಡೋಕೆ ದುಡ್ಡು ಹಾಕೋ ಮುಂಚೆ ಇದಿಷ್ಟು ನೋಡ್ಕೊಳ್ಳಿ

ಯಾರೋ ಕಳಿಸಿದ ಕ್ಯಾಡ್ ಫೈಲ್ (ಕಂಪ್ಯೂಟರಲ್ಲಿ ಮಾಡಿದ ಡ್ರಾಯಿಂಗ್ ಅಥವಾ 3ಡಿ ಡಿಸೈನ್) ಓಪನ್ ಆಗ್ಲಿಲ್ಲ ಅಂದ್ರೆ ನಾವು ಮೊದ್ಲು ಮಾಡೋದು ಕನ್ವರ್ಟರ್ ಹುಡ್ಕೋದು, ರೇಟ್ ನೋಡಿ ತಲೆ ಮೇಲೆ ಕೈ ಹೊತ್ಕೊಂಡು ಕೂರೋದು. ಅದಕ್ಕೂ ಮುಂಚೆ ಕಳಿಸಿದವ್ರನ್ನೇ ಒಂದ್ಸಲ ಕೇಳಿ, "ಸ್ಟೆಪ್ ಫೈಲ್ ಮಾಡಿ ಕಳಿಸ್ತೀರಾ" ಅಂತ. ಸಾಲಿಡ್‌ವರ್ಕ್ಸ್, ಕ್ಯಾಟಿಯಾ ಥರದ ಡಿಸೈನ್ ಸಾಫ್ಟ್‌ವೇರ್‌ಗಳ ಸ್ವಂತ ಫಾರ್ಮ್ಯಾಟ್ ಓದೋ ಟ್ರಾನ್ಸ್‌ಲೇಟರ್‌ಗಳೇ ದುಬಾರಿ, ಆದ್ರೆ ಸ್ಟೆಪ್ ಅನ್ನೋದು ಐಎಸ್‌ಒ 10303 ಸ್ಟ್ಯಾಂಡರ್ಡ್, ದೊಡ್ಡ 3ಡಿ ಕ್ಯಾಡ್ ಸಾಫ್ಟ್‌ವೇರ್‌ಗಳೆಲ್ಲ ಅದನ್ನ ಎಕ್ಸ್‌ಪೋರ್ಟ್ ಮಾಡ್ತವೆ. ಅರ್ಧಕ್ಕರ್ಧ ಸಮಸ್ಯೆ ಇಲ್ಲೇ ಮುಗಿಯುತ್ತೆ.

2ಡಿ ಡ್ರಾಯಿಂಗ್, ಅಂದ್ರೆ ಆಟೋಕ್ಯಾಡ್‌ನ ಡಿಡಬ್ಲ್ಯೂಜಿ ಫೈಲ್ ಆಗಿದ್ರೆ, ತೊಂದರೆ ಎಷ್ಟೋ ಸಲ ಫಾರ್ಮ್ಯಾಟ್‌ದಲ್ಲ, ವರ್ಷನ್‌ದು. ಆ ಫೈಲನ್ನ ನೋಟ್‌ಪ್ಯಾಡಲ್ಲಿ ತೆಗೀರಿ, ಪೂರ್ತಿ ಗಜಿಬಿಜಿ ಕಾಣುತ್ತೆ, ಆದ್ರೆ ಮೊದಲ ಆರು ಅಕ್ಷರ ಮಾತ್ರ ಸರಿಯಾಗಿ ಓದ್ಬಹುದು. ಎಸಿ1032 ಅಂತಿದ್ರೆ 2018ರ ಫಾರ್ಮ್ಯಾಟ್, ಎಸಿ1027 ಅಂದ್ರೆ 2013, ಎಸಿ1015 ಅಂದ್ರೆ 2000. ನೋಡಿದ್ಮೇಲೆ ಸೇವ್ ಮಾಡ್ದೆ ಕ್ಲೋಸ್ ಮಾಡಿ, ಇಲ್ಲಾಂದ್ರೆ ಫೈಲ್ ಹಾಳಾಗುತ್ತೆ. ನಿಮ್ಮ ಸಾಫ್ಟ್‌ವೇರ್ ಹಳೇದು, ಫೈಲ್ ಹೊಸದು ಅಂತ ಗೊತ್ತಾದ್ರೆ ಒಡಿಎ ಫೈಲ್ ಕನ್ವರ್ಟರ್ ಹಾಕ್ಕೊಳ್ಳಿ, ಫ್ರೀ. ಇದಕ್ಕೆ ಒಂದೊಂದೇ ಫೈಲ್ ಅಲ್ಲ, ಫೋಲ್ಡರನ್ನೇ ತೋರಿಸ್ಬೇಕು, ಫೈಲ್ ಇರೋ ಫೋಲ್ಡರ್ ಒಂದು, ಕನ್ವರ್ಟ್ ಆಗಿದ್ದು ಹೋಗೋ ಫೋಲ್ಡರ್ ಇನ್ನೊಂದು, ಯಾವ ವರ್ಷನ್ ಬೇಕು, ಡಿಡಬ್ಲ್ಯೂಜಿನಾ ಡಿಎಕ್ಸ್‌ಎಫ್‌ಆ (ಇದೂ ಡ್ರಾಯಿಂಗ್ ಫಾರ್ಮ್ಯಾಟೇ) ಅಂತ ಆರಿಸಿ ಸ್ಟಾರ್ಟ್ ಒತ್ತಿದ್ರೆ ನೂರು ಫೈಲ್ ಇದ್ರೂ ತಾನಾಗೇ ಮಾಡುತ್ತೆ.

3ಡಿಗೆ ನನ್ನ ಮೊದಲ ಆಯ್ಕೆ ಫ್ರೀಕ್ಯಾಡ್ ಅನ್ನೋ ಫ್ರೀ ಸಾಫ್ಟ್‌ವೇರ್. ಸ್ಟೆಪ್, ಐಜಿಇಎಸ್, ಎಸ್‌ಟಿಎಲ್, ಡಿಎಕ್ಸ್‌ಎಫ್ ಎಲ್ಲ ಫಾರ್ಮ್ಯಾಟೂ ಓಪನ್ ಮಾಡುತ್ತೆ, ಬೇಕಾದ ಬಾಡಿ (ಮಾಡೆಲಿನ ಭಾಗ) ಸೆಲೆಕ್ಟ್ ಮಾಡಿ ಫೈಲ್ ಮೆನುವಲ್ಲಿ ಎಕ್ಸ್‌ಪೋರ್ಟ್ ಕೊಟ್ರೆ ಆಯ್ತು. ಡಿಡಬ್ಲ್ಯೂಜಿ ಬೇಕಂದ್ರೆ ಮೇಲೆ ಹೇಳಿದ ಒಡಿಎ ಕನ್ವರ್ಟರ್ ಎಲ್ಲಿದೆ ಅಂತ ಪ್ರಿಫರೆನ್ಸಸಲ್ಲಿ ತೋರಿಸಿ. ಸಾಲಿಡ್‌ವರ್ಕ್ಸ್ ಫೈಲೇ ಇದ್ದು ಬೇರೆ ದಾರಿ ಇಲ್ಲಾಂದ್ರೆ ಬ್ರೌಸರಲ್ಲೇ ನಡೆಯೋ ಆನ್‌ಶೇಪ್ ಅನ್ನೋ ಕ್ಯಾಡ್‌ನ ಫ್ರೀ ಅಕೌಂಟಲ್ಲಿ ಇಂಪೋರ್ಟ್ ಮಾಡಿ ಸ್ಟೆಪ್ ಆಗಿ ಇಳಿಸ್ಕೋಬಹುದು, ಆದ್ರೆ ಅಲ್ಲಿ ಫ್ರೀ ಅಕೌಂಟಿನ ಡಾಕ್ಯುಮೆಂಟ್ ಎಲ್ಲರಿಗೂ ಕಾಣುತ್ತೆ, ಕ್ಲೈಂಟ್ ಡಿಸೈನ್ ಹಾಕ್ಲೇಬೇಡಿ ದಯವಿಟ್ಟು.

ಎಸ್‌ಟಿಎಲ್‌ನಿಂದ ಸ್ಟೆಪ್ ಮಾಡ್ತೀವಿ ಅನ್ನೋ ಸಾಫ್ಟ್‌ವೇರ್ ಮೇಲೆ ಮಾತ್ರ ಆಸೆ ಇಟ್ಕೋಬೇಡಿ. ಎಸ್‌ಟಿಎಲ್‌ನಲ್ಲಿ ಇರೋದು ಬರೀ ತ್ರಿಕೋನಗಳು, ದುಂಡಗಿನ ತೂತು ಕೂಡ ಅಲ್ಲಿ ಚಪ್ಪಟೆ ಪಟ್ಟಿಗಳ ಸುತ್ತು ಅಷ್ಟೇ, ಸ್ಟೆಪ್ ಮಾಡಿದ್ರೂ ಆ ಪಟ್ಟಿಗಳು ಹಾಗೇ ಉಳೀತವೆ. ತೂತಿನ ಡಯಾ ಬದಲಾಯಿಸ್ಬೇಕು ಅಂದ್ರೆ ಅಳತೆ ತಗೊಂಡು ಹೊಸದಾಗಿ ಮಾಡೆಲ್ ಮಾಡೋದೇ ಬೇಗ ಆಗುತ್ತೆ.

ದುಡ್ಡು ಕೊಟ್ಟೇ ತಗೋಬೇಕು ಅನ್ನೋ ಪರಿಸ್ಥಿತಿ ಬಂದ್ರೆ ಟ್ರಯಲ್ ಹಾಕಿ, ಅವ್ರು ಕೊಡೋ ಸ್ಯಾಂಪಲ್ ಬಿಟ್ಟು ನಿಮ್ಮ ಹತ್ರ ಇರೋ ಅತಿ ಕಷ್ಟದ ಅಸೆಂಬ್ಲಿಯನ್ನೇ (ತುಂಬಾ ಭಾಗಗಳನ್ನ ಜೋಡಿಸಿದ ಫೈಲ್) ಕೊಟ್ಟು ನೋಡಿ. ಒಂದೇ ಸಲದ ಲೈಸೆನ್ಸಾ ವರ್ಷ ವರ್ಷ ಕಟ್ಟೋದಾ ಕೇಳ್ಕೊಳ್ಳಿ. ಯಾವತ್ತೋ ಒಂದು ಫೈಲಿಗಾಗಿ ಸಬ್‌ಸ್ಕ್ರಿಪ್ಷನ್ ಬೇಡ.

ಕನ್ವರ್ಟ್ ಆದ್ಮೇಲೆ ಟೇಪ್ ಹಿಡಿದ ಹಾಗೆ ಒಂದಾದ್ರೂ ಅಳತೆ ನೋಡಿ. ನಾನೊಮ್ಮೆ ನೋಡ್ದೆ ಬಿಟ್ಟು, 8 ಇಂಚಿನ ಪ್ಲೇಟು 8 ಮಿ.ಮೀ. ಆಗಿ ಕಟಿಂಗಿಗೆ ಹೋಗೋದು ಸ್ವಲ್ಪದರಲ್ಲಿ ತಪ್ಪಿತ್ತು. ಅಳತೆ 25.4 ಪಟ್ಟು ಹೆಚ್ಚೋ ಕಮ್ಮಿಯೋ ಬಂದ್ರೆ ಅದು ಇಂಚು ಮತ್ತು ಮಿ.ಮೀ. ಗೊಂದಲವೇ, ಅದೇ ಅನುಪಾತದಲ್ಲಿ ಸ್ಕೇಲ್ ಮಾಡಿ. ಎಸ್‌ಟಿಎಲ್‌ನಲ್ಲಂತೂ ಯೂನಿಟ್ ಅನ್ನೋದೇ ಇರಲ್ಲ, ಹಾಗಾಗಿ ಕಳಿಸುವಾಗ ಮೆಸೇಜಲ್ಲಿ "ಮಿ.ಮೀ." ಅಂತ ಬರೆದೇ ಕಳಿಸಿ.