ಹತ್ತನೇ ಒಂದು ಪಾಲು ಕಿಣ್ವದಲ್ಲಿ ಲ್ಯಾಕ್ಟಿಕ್ ಆಮ್ಲ: ನನ್ನ ಅನುಭವ

ಮೊಸರು, ವೈನುಗಳಲ್ಲಿನ ಲ್ಯಾಕ್ಟಿಕ್ ಆಮ್ಲವನ್ನು ಅಳೆಯುವ ಕಿಣ್ವ ಪರೀಕ್ಷೆಯನ್ನು ಕ್ಯುವೆಟ್‌ನಿಂದ (ಬೆಳಕು ಹಾಯಿಸಿ ಅಳೆಯುವ ಸಣ್ಣ ಚೌಕ ಕೊಳವೆ) ಮೈಕ್ರೋಪ್ಲೇಟಿಗೆ (ಸಾಲುಸಾಲು ಪುಟ್ಟ ಗುಂಡಿಗಳ ತಟ್ಟೆ) ಇಳಿಸುತ್ತೇನೆ ಎಂದಾಗ ಜೊತೆಯವರು ಯಾರೂ ಒಪ್ಪಲಿಲ್ಲ. ಪ್ಲೇಟಿನ ಗುಂಡಿಯಲ್ಲಿ ಬೆಳಕು ಸಾಗುವ ದೂರ ಒಂದು ಸೆಂಟಿಮೀಟರ್ ಇರುವುದಿಲ್ಲ, ಹೀರಿಕೆಯಾದ ಬೆಳಕಿನಿಂದ ಆಮ್ಲವನ್ನು ಲೆಕ್ಕಹಾಕುವ 6300ರ ಸೂತ್ರ (6300 ಎಂಬುದು ಎನ್‌ಎಡಿಎಚ್ ಬೆಳಕು ಹೀರುವ ಗುಣಾಂಕ) ಅಲ್ಲಿ ನಡೆಯುವುದಿಲ್ಲ ಎಂಬುದು ಅವರ ತಕರಾರು. ಮಾತು ಸರಿಯೇ. ಆದರೆ ಒಂದು ಕಿಟ್‌ನಲ್ಲಿ ಸುಮಾರು ಐವತ್ತು ಪರೀಕ್ಷೆ. ಬ್ಲ್ಯಾಂಕ್ (ಮಾದರಿ ಹಾಕದ ಅಳತೆ), ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರುವ ದ್ರಾವಣ), ಪ್ರತಿ ಮಾದರಿಗೂ ಎರಡೆರಡು ಎಂದು ಕಳೆದರೆ ಇಪ್ಪತ್ತು ಮಾದರಿ ಮುಗಿಯುವಷ್ಟರಲ್ಲಿ ಪೆಟ್ಟಿಗೆ ಖಾಲಿ. ದುಡ್ಡೆಲ್ಲ ಕಿಣ್ವಕ್ಕೆ ಮತ್ತು ಎನ್‌ಎಡಿಗೆ (ಕ್ರಿಯೆಯಲ್ಲಿ ಬೆಳಕು ಹೀರುವ ಎನ್‌ಎಡಿಎಚ್ ಆಗಿ ಬದಲಾಗುವ, ಕಿಣ್ವದ ಜೊತೆಗಾರ ರಾಸಾಯನಿಕ) ಹೋಗುತ್ತದೆ. ಎಲ್ಲವನ್ನೂ ಹತ್ತನೇ ಒಂದಕ್ಕೆ ಇಳಿಸಿದರೆ ಅದೇ ಪೆಟ್ಟಿಗೆ ಹೆಚ್ಚುಕಡಿಮೆ ಐನೂರು ಗುಂಡಿಗೆ ಬರುತ್ತದೆ.

ಮೊದಲ ಕೆಲವು ಪ್ಲೇಟುಗಳು ಪೂರ್ತಿ ನಷ್ಟವಾದವು. ಒಂದೇ ಮೊಸರಿನ ಅಂಕಿಗಳು ಗುಂಡಿಯಿಂದ ಗುಂಡಿಗೆ ಶೇಕಡಾ ಹತ್ತು ಹದಿನೈದು ಬದಲಾಗುತ್ತಿದ್ದವು. ಮುಖ್ಯ ಕಾರಣ ಎರಡು ಮೈಕ್ರೋಲೀಟರ್ ಕಿಣ್ವ. ಅಮೋನಿಯಂ ಸಲ್ಫೇಟಿನಲ್ಲಿ ತೇಲುವ ಅಷ್ಟು ಸಣ್ಣ ಹನಿಯನ್ನು ಯಾವ ಪಿಪೆಟ್ ಕೂಡ ನಿಷ್ಠೆಯಿಂದ ಹಾಕುವುದಿಲ್ಲ. ಬಳಸುವ ಹೊತ್ತಿಗೆ ಮಾತ್ರ ಕಿಣ್ವವನ್ನು ಬಫರಿನಲ್ಲಿ ತೆಳುಗೊಳಿಸಿ, ದೊಡ್ಡ ಹನಿಯಾಗಿ ಹಾಕಲು ಶುರುಮಾಡಿದ ಮೇಲೆ ಅಂಕಿಗಳು ಒಂದೆಡೆ ನಿಂತವು. ಎಷ್ಟು ತೆಳು, ಯಾವ ಕ್ರಮ ಎಂಬುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಎರಡು ಪ್ಲೇಟು ಖರ್ಚು ಮಾಡಿದರೆ ನಿಮಗೂ ಸಿಗುತ್ತದೆ.

ಬೆಳಕು ಸಾಗುವ ದೂರದ ಬಗೆಗಿನ ತಕರಾರಿಗೆ ಉತ್ತರ ಸುಲಭವಾಗಿತ್ತು. ಸೂತ್ರವನ್ನೇ ಕೈಬಿಟ್ಟು, ಪ್ರತಿ ಪ್ಲೇಟಿನಲ್ಲೂ ಲಿಥಿಯಂ ಲ್ಯಾಕ್ಟೇಟಿನ (ಲ್ಯಾಕ್ಟಿಕ್ ಆಮ್ಲದ ಲವಣ) ಗೊತ್ತಿರುವ ನಾಲ್ಕೈದು ಮಟ್ಟಗಳನ್ನು ಹಾಕಿ, ಮಾದರಿಗಳನ್ನು ಹೋಲಿಸಲು ಗೆರೆ ಎಳೆದೆ. ಇದಕ್ಕೆ ಕ್ವಾರ್ಟ್ಸ್ ಪ್ಲೇಟು ಕೊಳ್ಳಬೇಕಿಲ್ಲ. ಅಳತೆಗೆ ಬಳಸುವ 340 ನ್ಯಾನೋಮೀಟರ್ ಬೆಳಕಿಗೆ ಸಾಮಾನ್ಯ ಪಾಲಿಸ್ಟೈರೀನ್ ಸಾಕು, ಗುಳ್ಳೆಗಳಿಲ್ಲದಿದ್ದರಾಯಿತು. ಕೈಗವಸು ಮಾತ್ರ ಬಿಡಬೇಡಿ. ಬೆವರಿನಲ್ಲಿ ಎಲ್-ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಮ್ಲಕ್ಕೆ ಒಂದಕ್ಕೊಂದು ಕನ್ನಡಿಬಿಂಬದಂತಿರುವ ಎಲ್, ಡಿ ಎಂಬ ಎರಡು ರೂಪಗಳಿವೆ) ಧಾರಾಳವಾಗಿದೆ, ಬೆರಳು ತಗುಲಿದ ಪಿಪೆಟ್ ತುದಿಯೊಂದೇ ಬ್ಲ್ಯಾಂಕನ್ನು ಕೆಡಿಸುತ್ತದೆ.

ಹೆಚ್ಚು ಕಾಡಿದ್ದು ಮಾದರಿಗಳ ತಯಾರಿ. ಮೊಸರಿಗೆ ಕ್ಯಾರೆಜ್ ದ್ರಾವಣಗಳು (ಪ್ರೋಟೀನ್, ಕೊಬ್ಬನ್ನು ತಳಕ್ಕಿಳಿಸಿ ತಿಳಿಗೊಳಿಸುವವು) ಸಾಕು; ಒಂದು ಗ್ರಾಮನ್ನು ನೂರು ಮಿಲಿಲೀಟರಿಗೆ ಏರಿಸಿದರೆ ಅಳತೆ ನಡುಮಟ್ಟದಲ್ಲಿ ಬೀಳುತ್ತದೆ. ಪರ್‌ಕ್ಲೋರಿಕ್ ಆಮ್ಲದಿಂದ ಪ್ರೋಟೀನ್ ತೆಗೆದರೆ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಹಾಕಿದ ಮೇಲೆ ಮಂಜುಗಡ್ಡೆಯಲ್ಲಿ ಇಪ್ಪತ್ತು ನಿಮಿಷವಾದರೂ ಇಡಬೇಕು. ಅವಸರದಲ್ಲಿ ಸೋಸಿದರೆ ಉಳಿದ ಪರ್‌ಕ್ಲೋರೇಟ್ ಆಮೇಲೆ ಗುಂಡಿಯೊಳಗೇ ಹರಳಾಗಿ ಬೆಳಕನ್ನು ಚದುರಿಸುತ್ತದೆ. ಕೆಂಪು ವೈನಿಗೆ ಪಿವಿಪಿಪಿ (ಬಣ್ಣವನ್ನು ಹಿಡಿದು ತೆಗೆಯುವ ಪುಡಿ) ಹಾಕಿ ನೋಡಿದೆ, ಚೆನ್ನಾಗಿಯೇ ಬಂತು. ಆದರೆ ಲ್ಯಾಕ್ಟಿಕ್ ಸಾಕಷ್ಟಿದ್ದಾಗ ಬರೀ ತೆಳುಗೊಳಿಸಿ ಪ್ರತಿ ಮಾದರಿಗೂ ಅದರದೇ ಬ್ಲ್ಯಾಂಕ್ (ಕಿಣ್ವ ಹಾಕದ ಅದೇ ಮಾದರಿ) ಇಟ್ಟರೂ ಅದೇ ಉತ್ತರ ಬರುತ್ತದೆ.

ನಡುವೆ ಇನ್ನೊಂದು ಆಸೆ ಹುಟ್ಟಿತು: ಅದೇ ಗುಂಡಿಯಲ್ಲಿ ಮೊದಲು ಡಿ ರೂಪದ ಕಿಣ್ವ, ಅದು ಮುಗಿದ ಮೇಲೆ ಎಲ್ ರೂಪದ್ದು. ಒಂದೇ ತಯಾರಿಯಲ್ಲಿ ಎರಡು ಅಂಕಿ! ಬಲ್ಗೇರಿಕಸ್ ಬ್ಯಾಕ್ಟೀರಿಯಾ ಹಾಕಿದ ಮೊಸರನ್ನು ಫ್ರಿಜ್‌ನಲ್ಲಿಟ್ಟು ಬಿಟ್ಟುಬಿಟ್ಟು ನೋಡಿದಾಗ ಡಿ ಪಾಲು ಮೆಲ್ಲನೆ ಏರುವುದು ಸ್ಪಷ್ಟವಾಗಿ ಕಂಡಿತು. ಟೈಟ್ರೇಷನ್‌ಗೆ (ಕ್ಷಾರ ಹಾಕುತ್ತ ಆಮ್ಲ ಅಳೆಯುವ ವಿಧಾನ) ಇದು ಯಾವ ಕಾಲಕ್ಕೂ ಕಾಣುವುದಿಲ್ಲ, ಅದು ಎಲ್ಲ ಆಮ್ಲವನ್ನೂ ಒಟ್ಟಿಗೆ ಎಣಿಸುತ್ತದೆ. ವೈನಿನಲ್ಲಂತೂ ಈ ಬೇರ್ಪಡಿಕೆ ಬಹಳ ಬೆಲೆಬಾಳುತ್ತದೆ: ಮ್ಯಾಲಿಕ್ ಆಮ್ಲದಿಂದ ಹುಟ್ಟುವುದು ಎಲ್ ರೂಪ, ಡಿ ಏರತೊಡಗಿದರೆ ಬ್ಯಾಕ್ಟೀರಿಯಾ ಸಕ್ಕರೆಗೆ ಕೈಹಾಕಿದೆ ಎಂದು ತಿಳಿಯಬೇಕು.

ಕೊನೆಗೆ ಹೊರಗಿನ ಪ್ರಯೋಗಾಲಯದ ಎಚ್‌ಪಿಎಲ್‌ಸಿ (ದ್ರಾವಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ ವಿಧಾನ) ಅಂಕಿಗಳೊಂದಿಗೆ ಹೋಲಿಸಿದಾಗ ಹೆಚ್ಚಿನವು ಶೇಕಡಾ ಮೂರರೊಳಗೆ ಕೂಡಿಬಂದವು. ತಕರಾರು ಎತ್ತಿದವರಲ್ಲಿ ಇಬ್ಬರು ಈಗ ತಮ್ಮ ಮಾದರಿಗಳನ್ನು ನನ್ನ ಪ್ಲೇಟಿಗೇ ಕೊಡುತ್ತಿದ್ದಾರೆ.