ನೀ ಕ್ಯಾಪ್ ಹಾಕಿದರೆ ಓಟ ಕಮ್ಮಿಯಾಗುತ್ತಾ? ನೀವೇ ಅಳೆದು ನೋಡಿ

ನಮ್ಮ ಬಡಾವಣೆಯ ಶಟಲ್ ಕೋರ್ಟಿನಲ್ಲಿ ಹತ್ತು ಜನ ಆಡಿದರೆ ನಾಲ್ವರ ಮಂಡಿಗೆ ಕಪ್ಪು ನೀ ಕ್ಯಾಪ್ ಇರುತ್ತದೆ. ಒಬ್ಬರಿಗೆ ನೋವು, ಇನ್ನೊಬ್ಬರಿಗೆ ನೋವು ಬರಬಾರದು ಅಂತ, ಮತ್ತೊಬ್ಬರಿಗೆ ಸುಮ್ನೆ ಧೈರ್ಯಕ್ಕೆ. ಅದರಿಂದ ಆಟ ಏನಾಗುತ್ತದೆ ಅಂತ ಮಾತ್ರ ಯಾರೂ ಅಳೆದಿಲ್ಲ. ಒಂದು ಟೇಪು, ಮೊಬೈಲು ಇದ್ದರೆ ಸಾಕು.

ಮೊದಲು, ನಿಮ್ಮ ಕ್ಯಾಪ್ ಯಾವ ಬಗೆಯದು ನೋಡಿ. ಕಾಲಿಗೆ ಎಳೆದು ಹಾಕುವ ನೀ ಕ್ಯಾಪ್ ಮಂಡಿಯನ್ನು ಬೆಚ್ಚಗಿಡುತ್ತದೆ. ಚರ್ಮವನ್ನು ಒತ್ತಿ ಹಿಡಿಯುವುದರಿಂದ ಕಾಲು ಎಷ್ಟು ಬಾಗಿದೆ ಅನ್ನುವ ಅರಿವೂ ಕೆಲವರಿಗೆ ಸ್ವಲ್ಪ ಚುರುಕಾಗುತ್ತದೆ. ಆದರೆ ಮಂಡಿ ತಿರುಚಿದಾಗ ಲಿಗಮೆಂಟ್ (ಮೂಳೆಗಳನ್ನು ಬಿಗಿದು ಹಿಡಿಯುವ ನಾರು) ಕಾಯುವ ಶಕ್ತಿ ಅದಕ್ಕಿಲ್ಲ. ಎರಡೂ ಬದಿಗೆ ಕೀಲು, ಮೇಲೆ ಕೆಳಗೆ ಪಟ್ಟಿ ಇರುವ ಬ್ರೇಸ್ ಬೇರೆಯೇ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಪಕ್ಕದಿಂದ ಬೀಳುವ ಏಟಿಗೆ ಅಂತ ಅದನ್ನು ಹಾಕುತ್ತಾರೆ. ತೂಕ ಜಾಸ್ತಿ. ಪಟ್ಟಿ ಬಿಗಿಯಾದರೆ ಸ್ನಾಯುವಿಗೆ ರಕ್ತ ಸರಾಗವಾಗಿ ಹರಿಯದೆ ಕಾಲು ಬೇಗ ಸೋಲುತ್ತದೆ.

ಹೆಗಲ ಮೇಲೆ ಭಾರ ಹೊತ್ತು ಕೂತು ಏಳುವ, ಅಂದರೆ ಸ್ಕ್ವಾಟ್ ಹೊಡೆಯುವವರ ಲೆಕ್ಕವೇ ಉಲ್ಟಾ. ದಪ್ಪ ಸ್ಲೀವ್ (ಎಳೆದು ಹಾಕುವ ನೀ ಕ್ಯಾಪೇ) ಕೂತು ಏಳುವಾಗ ಸ್ಪ್ರಿಂಗಿನಂತೆ ತಳ್ಳುತ್ತದೆ. ಅದಕ್ಕೇ ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಒಕ್ಕೂಟ ಅದರ ದಪ್ಪ 7 ಮಿ.ಮೀ. ದಾಟಬಾರದು ಅಂತ ನಿಯಮ ಮಾಡಿದೆ.

ಎರಡನೆಯದು ಸೈಜು. ಎಲ್ಲಿ ಸುತ್ತಳತೆ ತೆಗೆಯಬೇಕು ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ, ಅದನ್ನೇ ನಂಬಿ. ನಾನು ಕಣ್ಣಳತೆಯಲ್ಲಿ ‘ಮೀಡಿಯಂ’ ತಂದೆ. ಎರಡು ಗೇಮ್ ಆಗುವಷ್ಟರಲ್ಲಿ ಮೀನಖಂಡದ ಮೇಲೆ ಬಳೆಯಂತೆ ಗೆರೆ ಬಿದ್ದಿತ್ತು, ಪಾದ ಜುಮ್ ಅನ್ನುತ್ತಿತ್ತು.

ಈಗ ಪರೀಕ್ಷೆ. ಹೊಸದಾದರೆ ನಾಲ್ಕೈದು ದಿನ ಹಾಕಿಕೊಂಡು ಆಡಿ, ಮೈಗೆ ಒಗ್ಗಲಿ. ಆಮೇಲೆ ಹತ್ತು ನಿಮಿಷ ವಾರ್ಮಪ್ ಮಾಡಿ, 20 ಮೀಟರ್ ಗುರುತು ಹಾಕಿ. ಕ್ಯಾಪ್ ಇಲ್ಲದೆ ಮೂರು ಸಲ, ಹಾಕಿಕೊಂಡು ಮೂರು ಸಲ ಓಡಿ. ನಡುವೆ ಎರಡು ನಿಮಿಷ ಸುಧಾರಿಸಿಕೊಳ್ಳಿ. ಇನ್ನೊಂದು ದಿನ ಮೊದಲು ಹಾಕಿಕೊಂಡು ಓಡಿ, ಆಮೇಲೆ ಬಿಚ್ಚಿ. ಇಲ್ಲದಿದ್ದರೆ ಸುಸ್ತಿನ ತಪ್ಪೂ ಕ್ಯಾಪ್ ತಲೆಗೇ ಬರುತ್ತದೆ! ಒಂಟಿ ಕಾಲಲ್ಲಿ ಕುಪ್ಪಳಿಸಿ ದೂರವನ್ನೂ ಅಳೆಯಿರಿ. ಮೊಬೈಲ್ ಒತ್ತುವ ಬೆರಳಲ್ಲೇ 0.1, 0.2 ಸೆಕೆಂಡ್ ಹೆಚ್ಚುಕಮ್ಮಿ ಆಗುತ್ತದೆ, ಆ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಪ್ರತಿ ಸಲವೂ ಅದಕ್ಕಿಂತ ನಿಧಾನವಾದರೆ ಪಟ್ಟಿ ಸಡಿಲಿಸಿ, ಇಲ್ಲವೇ ಸೈಜು ಬದಲಿಸಿ ಮತ್ತೆ ಓಡಿ.

ಮಂಡಿ ಊದಿದ್ದರೆ, ನಡೆಯುವಾಗ ಸರಕ್ಕನೆ ಜಾರಿದಂತಾದರೆ ಅಥವಾ ಮಡಚಿದ್ದು ಬಿಡಿಸಲು ಬರದಿದ್ದರೆ ಈ ಆಟ ಬೇಡ, ಮೂಳೆ ಡಾಕ್ಟರಿಗೆ ತೋರಿಸಿ. ಆಪರೇಷನ್ ಆದವರೂ ಕೇಳದೆ ಬ್ರೇಸ್ ಬಿಚ್ಚಿ ಓಡಬಾರದು. ಉಳಿದವರು ಕ್ಯಾಪ್ ಜೊತೆಗೆ ತೊಡೆಗೂ ಒಂದಿಷ್ಟು ವ್ಯಾಯಾಮ ಕೊಡಿ. ಮಂಡಿಯ ಭಾರ ಹೊರುವುದು ಆ ಸ್ನಾಯುಗಳೇ ಅಲ್ವಾ?

ಅಂದಹಾಗೆ, ಆಡಿ ಬಂದ ಮೇಲೆ ಸೋಪು ಹಾಕಿ ತೊಳೆದು ನೆರಳಲ್ಲಿ ಒಣಗಿಸಿ. ಬ್ಯಾಗಿನಲ್ಲೇ ಎರಡು ದಿನ ಬಿಟ್ಟರೆ ಮನೆಯವರು ಬ್ಯಾಗನ್ನೇ ಹೊರಗಿಡುತ್ತಾರೆ.